ಹಲಸಿಯ ತಾಮ್ರಪಟಗಳೂ ಗಣಕಯಂತ್ರದ ಸಂದೇಶಗಳೂ

ಖಾನಾಪುರ ತಾಲೂಕಿನ ಹಲಸಿಯು ಒಂದು ಕಾಲಕ್ಕೆ ಪಲಾಶಿಕೆಯೆಂಬ ಹೆಸರಿನಿಂದ ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾಗಿ ಮೆರೆದ ಊರು. ಅಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟರು ಓದಿ ಪ್ರಕಟಿಸಿದರು. ಈ ಬಗೆಯ ಶಾಸನಗಳಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ತಗಡುಗಳನ್ನು ಬಳೆಯೊಂದರಲ್ಲಿ ಪೋಣಿಸುವುದರಿಂದ ಅವುಗಳ ಅನುಕ್ರಮ ತಪ್ಪುವುದಿಲ್ಲ. ಆದರೆ ತಗಡು ಮುಗಿದಲ್ಲಿ ವಾಕ್ಯವೂ ಮುಗಿಯಬೇಕೆಂಬ ನಿಯಮವಿಲ್ಲ; ಪದಪದಗಳ ನಡುವೆ ತೆರಪೂ ಇರುವುದಿಲ್ಲ. ಎಲ್ಲಿ ಬಿಡಿಸಬೇಕೆಂಬುದನ್ನು ಓದುವವನೇ ಅರಿಯಬೇಕು.

ಇಂದಿನ ಗಣಕಯಂತ್ರಗಳು ಪರಸ್ಪರ ಮಾತಾಡುವ ರೀತಿಯೂ ಇಂತಹದೇ. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಅಮೆರಿಕದ ತಜ್ಞರು 1974ರಲ್ಲಿ ಪ್ರಕಟಿಸಿದ ಲೇಖನದಿಂದ ಬೆಳೆದು, 1981ರಲ್ಲಿ ಸ್ಥಿರರೂಪ ತಳೆದ ಕಟ್ಟಳೆಗೆ ಟಿ.ಸಿ.ಪಿ. ಎಂದು ಹೆಸರು. ಇದರ ಪ್ರಕಾರ ಕಳಿಸುವ ಯಂತ್ರವು ಮಾಹಿತಿಯನ್ನು ತುಂಡುಮಾಡಿ, ಪ್ಯಾಕೆಟ್‌ಗಳೆಂಬ ಕಟ್ಟುಗಳಲ್ಲಿ ರವಾನಿಸುತ್ತದೆ. ಒಂದು ಅಂಕೆಯನ್ನು ಬರೆಯಲು ಒಂದು ಬೈಟು ಸಾಕು. ಸಾಮಾನ್ಯ ಈಥರ್‌ನೆಟ್ ಜಾಲದಲ್ಲಿ ಕಟ್ಟಿಗೆ 1500 ಬೈಟುಗಳ ಮಿತಿ. ವಿಳಾಸ, ಕ್ರಮಸಂಖ್ಯೆ ಮೊದಲಾದವುಗಳಿಗೆ ಕನಿಷ್ಠ 40 ಹೋದರೆ ಉಳಿಯುವುದು 1460.

ದಾರಿಯಲ್ಲಿ ಕಟ್ಟುಗಳು ಹಿಂದುಮುಂದಾಗಬಹುದು, ಕಳೆದೂ ಹೋಗಬಹುದು. ಕ್ರಮಸಂಖ್ಯೆಯೇ ಇಲ್ಲಿ ತಾಮ್ರಪಟದ ಬಳೆ. ಮೊದಲೇ ಬಂದ ಮುಂದಿನ ಕಟ್ಟು ಹಿಂದಿನದಕ್ಕಾಗಿ ಕಾಯುತ್ತದೆ. ಕೈಸೇರಿತೆಂಬ ಒಪ್ಪಿಗೆ ಬಾರದಿದ್ದರೆ ಕಳಿಸಿದವನು ಮತ್ತೆ ಕಳಿಸುತ್ತಾನೆ. ಆದರೆ ಆ ಕ್ರಮಸಂಖ್ಯೆ ಎಣಿಸುವುದು ಬೈಟುಗಳನ್ನೇ ಹೊರತು ಸಂದೇಶಗಳನ್ನಲ್ಲ. ಟಿ.ಸಿ.ಪಿ.ಯ ಕಣ್ಣಿಗೆ ಎಲ್ಲವೂ ಒಂದೇ ಪ್ರವಾಹ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಎರಡು ಕೊಡ ನೀರು ಹೊಯ್ದರೆ ಕೆಳಗೆ ಅವನ್ನು ಎರಡು ಕೊಡಗಳಾಗಿ ಗುರುತಿಸಲಾದೀತೆ?

ಇದರಿಂದೇನು ಕೆಡುಕು ಎನ್ನಬಹುದು. ಖಾನಾಪುರ, ಕಣಕುಂಬಿಗಳ ಮಳೆಮಾಪಕಗಳ ಅಂಕಿಗಳು ಖಾನಾಪುರದಿಂದ ಬೆಳಗಾವಿಯ ಕಚೇರಿಗೆ ಒಂದರ ಹಿಂದೊಂದು ಹೋಗುತ್ತವೆಂದು ಊಹಿಸೋಣ. 12 ಮಿಲಿಮೀಟರ್, ಬಳಿಕ 5. ಚಿಕ್ಕಪುಟ್ಟ ತುಣುಕುಗಳಿಗೆಲ್ಲ ಬೇರೆಬೇರೆ ಕಟ್ಟು ದುಬಾರಿಯೆಂದು ಯಂತ್ರವು ಅವೆರಡನ್ನೂ ಕೂಡಿಸಿ ಕಳಿಸಿದರೆ ಬೆಳಗಾವಿಯಲ್ಲಿ ಕಾಣುವುದು 125! ನಿಜವಾಗಿ 125 ಸುರಿದ ದಿನ ಮೊದಲಿಗೆ 12 ಮಾತ್ರ ಕೈಗೆ ಬಂದರಂತೂ ನೆರೆಯ ಸೂಚನೆಯು ತುಂತುರುಮಳೆಯಂತೆ ತೋರುತ್ತದೆ. ಒಂದು ಬೈಟೂ ಕಳೆದಿಲ್ಲ, ಕ್ರಮವೂ ತಪ್ಪಿಲ್ಲ. ಅರ್ಥ ಮಾತ್ರ ಕೆಟ್ಟಿದೆ. ಒಂದೇ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಸಂದೇಶಗಳು ಬಹುಮಟ್ಟಿಗೆ ಬಿಡಿಬಿಡಿಯಾಗಿಯೇ ಬರುವುದರಿಂದ ಈ ದೋಷ ಅಡಗಿದ್ದು, ಜಾಲದಲ್ಲಿ ಸಂದಣಿಯಾದಾಗ ತಲೆಯೆತ್ತುತ್ತದೆ.

1980ರ ಯು.ಡಿ.ಪಿ. ಎಂಬ ಇನ್ನೊಂದು ಕಟ್ಟಳೆ ಸಂದೇಶದ ಎಲ್ಲೆಯನ್ನು ಕಾಯುತ್ತದೆ. ಆದರೆ ಅದು ತಲುಪುವ ಭರವಸೆಯನ್ನೂ ಕ್ರಮದ ಭರವಸೆಯನ್ನೂ ಕೊಡುವುದಿಲ್ಲ. ಟಿ.ಸಿ.ಪಿ.ಯನ್ನೇ ನೆಚ್ಚಿದವರಿಗೆ ಮುಖ್ಯವಾಗಿ ಎರಡು ಉಪಾಯಗಳುಂಟು. ಮೊದಲನೆಯದು ಮುಕ್ತಾಯದ ಗುರುತು. ಇ-ಮೇಲ್ ಸಾಗಿಸುವ ಎಸ್.ಎಂ.ಟಿ.ಪಿ.ಯಲ್ಲಿ ಒಂದು ಸಾಲಿನಲ್ಲಿ ಒಂಟಿ ಚುಕ್ಕೆ ಬಂದರೆ ಪತ್ರ ಮುಗಿಯಿತು. ಪತ್ರದೊಳಗಿನ ಸಾಲೇ ಚುಕ್ಕೆಯಿಂದ ತೊಡಗಿದರೆ ಅದರ ಮುಂದೆ ಇನ್ನೊಂದು ಚುಕ್ಕೆಯಿಟ್ಟು ಕಳಿಸುತ್ತಾರೆ; ಪಡೆದವರು ಅದನ್ನು ತೆಗೆದುಹಾಕುತ್ತಾರೆ.

ಎರಡನೆಯದು, ಸಂದೇಶದ ಉದ್ದವನ್ನು ಮುಂಚೆಯೇ ಹೇಳುವುದು. ನಮ್ಮ 12 ಎರಡು ಅಂಕೆಗಳದು, 5 ಒಂದು ಅಂಕೆಯದು. ಆದುದರಿಂದ 212, 15 ಎಂದು ಕಳಿಸೋಣ. ಕೂಡಿಕೊಂಡು 21215 ಎಂದು ಬಂದರೂ ಚಿಂತೆಯಿಲ್ಲ: ಮೊದಲ 2 ನೋಡಿ ಎರಡು ಅಂಕೆ ತೆಗೆದುಕೊಂಡರೆ 12, ಮುಂದಿನ 1 ನೋಡಿ ಒಂದು ಅಂಕೆ ತೆಗೆದುಕೊಂಡರೆ 5. ಬರೇ 21 ಬಂದಿದ್ದರೆ ಇನ್ನೊಂದು ಅಂಕೆ ಬಾಕಿಯೆಂದು ತಿಳಿದು, ಬಂದಷ್ಟನ್ನು ಕೂಡಿಟ್ಟುಕೊಂಡು ಕಾಯಬೇಕು. ಕಟ್ಟು ಎಲ್ಲಿ ತುಂಡಾದರೂ ಮಳೆಯ ಲೆಕ್ಕ ತಪ್ಪುವುದಿಲ್ಲ.