ಎಣಿಕೆಗೆ ಸಂದ ಚಿನ್ನದ ಪದಕ

ರೋಗವನ್ನು ಗುಣಪಡಿಸಿದ ವೈದ್ಯನಿಗೆ ಸನ್ಮಾನ ಸಲ್ಲುವುದು ಸಹಜ. ಆದರೆ ರೋಗಿಯ ನಾಡಿ ಹಿಡಿಯದ, ಔಷಧ ಅರೆಯದ ಗಣಿತಜ್ಞರೊಬ್ಬರಿಗೆ ಕ್ಯಾನ್ಸರ್ ಸಂಶೋಧನೆಯ ಪ್ರಶಸ್ತಿ ಬಂದದ್ದುಂಟು. 1990ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೆಸರಿನ ಕೆಟರಿಂಗ್ ಪ್ರಶಸ್ತಿಯೂ ಚಿನ್ನದ ಪದಕವೂ ಇಂಗ್ಲೆಂಡಿನ ಡೇವಿಡ್ ಕಾಕ್ಸ್ ಅವರಿಗೆ ಸಂದವು. ಮಗ್ಗದ ಊರಾದ ದೊಡ್ಡಬಳ್ಳಾಪುರದವರಿಗೆ ಇನ್ನೊಂದು ಮಾತು ಹಿಡಿಸೀತು: ಕಾಕ್ಸ್ ತಮ್ಮ ಎಳೆಯ ವಯಸ್ಸಿನಲ್ಲಿ ಲೀಡ್ಸ್ ನಗರದ ಉಣ್ಣೆ ಸಂಶೋಧನಾಲಯದಲ್ಲಿ ದುಡಿದವರು. ಅವರು ಜೀವಮಾನವೆಲ್ಲ ಮಾಡಿದ್ದು ಎಣಿಕೆಯ ಕೆಲಸವೇ. ಎಣಿಕೆಗೆ ಇಷ್ಟು ಗೌರವವೇಕೆ ಎಂದು ನೀವು ಕೇಳಬಹುದು.

ಹತ್ತು ಮಂದಿ ರೋಗಿಗಳಿಗೆ ಹೊಸ ಔಷಧವೊಂದನ್ನು ಕೊಟ್ಟರೆಂದು ಇಟ್ಟುಕೊಳ್ಳಿ. ಎರಡು ವರ್ಷ ಕಳೆದಾಗ ನಾಲ್ವರು ತೀರಿಕೊಂಡಿದ್ದಾರೆ, ಮೂವರು ಬದುಕಿದ್ದಾರೆ. ಉಳಿದ ಮೂವರು ನಡುವೆಯೇ ಊರಿಗೆ ಹೋದವರು ಮರಳಿ ಬಂದಿಲ್ಲ. ಈ ಮೂವರನ್ನು ಎಲ್ಲಿ ಸೇರಿಸುವುದು? ಸತ್ತವರಲ್ಲಿ ಸೇರಿಸಿದರೆ ಔಷಧ ಕೆಟ್ಟದ್ದೆನಿಸುತ್ತದೆ, ಬದುಕಿದವರಲ್ಲಿ ಸೇರಿಸಿದರೆ ಅಮೃತವೆನಿಸುತ್ತದೆ. ಬಿಟ್ಟೇಬಿಟ್ಟರೆ ಅವರು ಬದುಕಿದ್ದ ಅಷ್ಟು ದಿನಗಳ ಸಾಕ್ಷ್ಯ ವ್ಯರ್ಥವಾಗುತ್ತದೆ.

1972ರಲ್ಲಿ ಕಾಕ್ಸ್ ಇದಕ್ಕೊಂದು ದಾರಿ ತೋರಿಸಿದರು. ಒಬ್ಬ ರೋಗಿ ತೀರಿಕೊಂಡ ದಿನ, ಅಂದಿನವರೆಗೂ ವೈದ್ಯರ ಗಮನದಲ್ಲಿದ್ದವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದಂತೆ ಭಾವಿಸಿ. ಇಷ್ಟು ಜನರಲ್ಲಿ ಈತನೇ ಏಕೆ? ವಯಸ್ಸು ಕಾರಣವೆ, ಗಡ್ಡೆಯ ಹಂತವೆ, ಕೊಟ್ಟ ಔಷಧವೆ? ಪ್ರತಿಯೊಂದು ಸಾವಿನಲ್ಲೂ ಹೀಗೆ ಹೋಲಿಸುತ್ತ ಹೋದರೆ ಒಂದೊಂದು ಕಾರಣದ ತೂಕವೂ ತಿಳಿದುಬರುತ್ತದೆ. ಊರಿಗೆ ಹೋದವನು ಕಡೆಯ ಸಲ ಕಂಡ ದಿನದವರೆಗೆ ಸಾಲಿನಲ್ಲಿದ್ದು ಸಾಕ್ಷಿ ನುಡಿಯುತ್ತಾನೆ. ಅಮರಕೋಶವು ‘ಸಂಖ್ಯಾ’ ಶಬ್ದವನ್ನು ವಿಚಾರಣೆಗೆ ಪರ್ಯಾಯವಾಗಿ ಹೇಳಿರುವುದು ಇಲ್ಲಿ ಸಾರ್ಥಕವಾಗಿದೆ.

ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಮೊದಲು ಸಂದದ್ದೂ ಕಾಕ್ಸ್ ಅವರಿಗೇ. 2023ರಲ್ಲಿ ಅದು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರಿಗೆ ಬಂದಿತು. ಎರಡು ಚಿಕಿತ್ಸೆಗಳಲ್ಲಿ ಯಾವುದು ಆಯುಸ್ಸನ್ನು ಹೆಚ್ಚಿಸಿತೆಂದು ನೋಡಲು ವೈದ್ಯಲೋಕ ಇಂದು ಬಳಸುವ ಲೆಕ್ಕವೊಂದು, ರಾವ್ 1948ರಲ್ಲಿ ಹೇಳಿದ ಪರೀಕ್ಷಾವಿಧಾನದ ವರ್ಗಕ್ಕೇ ಸೇರಿದ್ದು. ಅವರು ಅದೇ ವರ್ಷದ ಆಗಸ್ಟ್‌ನಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದು ದೂರದ ಮಾತಲ್ಲ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಕಿದ್ವಾಯಿ ಸಂಸ್ಥೆ ಬರೆದಿಡುತ್ತಿದೆ. ದೇಶದ ನಾನಾ ಕಡೆಯ ಇಂಥ ಲೆಕ್ಕಗಳು ಒಟ್ಟುಗೂಡುವುದು ನಮ್ಮ ವಿಮಾನ ನಿಲ್ದಾಣದ ದಾರಿಯಲ್ಲಿ, ಕನ್ನಮಂಗಲದ ಬಳಿಯ ರಾಷ್ಟ್ರೀಯ ರೋಗಮಾಹಿತಿ ಕೇಂದ್ರದಲ್ಲಿ.

ಆದರೆ ಕಾಕ್ಸ್ ಅವರ ಲೆಕ್ಕಕ್ಕೂ ಒಂದು ಮಿತಿಯುಂಟು. ಕಾಯಿಲೆ ಉಲ್ಬಣಿಸಿದ ಕಾರಣದಿಂದಲೇ ರೋಗಿ ಬರುವುದನ್ನು ನಿಲ್ಲಿಸಿದ್ದರೆ ಅದು ದಾರಿ ತಪ್ಪುತ್ತದೆ. ಸೋತ ಔಷಧ ಗೆದ್ದಂತೆ ತೋರುತ್ತದೆ. ಆದುದರಿಂದ ಮನೆಯಲ್ಲಿ ಈ ರೋಗ ಬಂದವರಿದ್ದು, ಆಸ್ಪತ್ರೆಯವರು ಕಾಗದ ಬರೆದೋ ಫೋನು ಮಾಡಿಯೋ ವಿಚಾರಿಸಿದರೆ, ಸಂಕೋಚದಿಂದ ಸುಮ್ಮನಿರಬೇಡಿ. ಇದ್ದಾರೆ ಎಂದಾಗಲಿ, ಹೋದರು ಎಂದಾಗಲಿ ತಿಳಿಸಿ. ಆ ಒಂದು ಮಾತು ಮುಂದೆ ಬರುವ ರೋಗಿಗೆ ಸರಿಯಾದ ಔಷಧವನ್ನು ಆರಿಸಿಕೊಡುತ್ತದೆ.