ಗಂಧ ನೆಡುವ ಮುನ್ನ ಗಂಧದೆಣ್ಣೆಯ ಕಥೆ ಕೇಳಿ

ರಾಜಾನುಕುಂಟೆ ಕಡೆಯ ಒಂದು ಹಳ್ಳಿಯ ವಾಚನಾಲಯದಲ್ಲಿ ಕಳೆದ ತಿಂಗಳು ರೈತರೊಡನೆ ಮಾತನಾಡುತ್ತ ಕುಳಿತಿದ್ದೆ. ಪತ್ರಿಕೆ ಹಿಡಿದಿದ್ದ ಹಿರಿಯರೊಬ್ಬರು ತಲೆಯೆತ್ತಿ, "ಸಾರ್, ಇಲ್ಲೊಂದು ಕಾಲೇಜಿನ ಕೆಮಿಕಲ್ ಇಂಜಿನಿಯರಿಂಗ್ ವಿಭಾಗದ ವರ್ಷದ ಚಟುವಟಿಕೆ ಅಂತ ಹಾಕವ್ರೆ. ಉಪನ್ಯಾಸ, ಪ್ರದರ್ಶನ, ಬಹುಮಾನ, ಫೋಟೋ. ವರ್ಷವೆಲ್ಲಾ ಇವರು ಮಾಡೋದಾದ್ರೂ ಏನು? ನಮಗೇನಾದ್ರೂ ಆಯ್ತದಾ ಇದರಿಂದ?" ಎಂದು ಕೇಳಿದರು.

ಅದಕ್ಕೆ ಅರ್ಧ ಗಂಟೆ ಮೊದಲು ಇದೇ ಹಿರಿಯರು ಇನ್ನೊಂದು ಪ್ರಶ್ನೆ ಕೇಳಿದ್ದರು. ಎರಡು ಎಕರೆ ಹಳೆಯ ಮಾವನ್ನು ಕಡಿದು ಶ್ರೀಗಂಧ ಹಾಕಬಹುದೇ ಎಂದು. ಸಸಿ ಮಾರುವವನೊಬ್ಬ ಮನೆ ಬಾಗಿಲಿಗೆ ಬಂದು, ಹದಿನೈದು ವರ್ಷಕ್ಕೆ ಕೋಟಿ ಎಣಿಸಬಹುದೆಂದು ಲೆಕ್ಕ ಬರೆದುಕೊಟ್ಟು ಹೋಗಿದ್ದನಂತೆ. ಮುಂಗಡದ ಹಣವೂ ಹೊಂದಿಸಿಟ್ಟಾಗಿತ್ತು.

ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆಂದು ನಾನು ಹೇಳಿದಾಗ ಅಲ್ಲಿದ್ದವರಿಗೆ ಆಶ್ಚರ್ಯವಾಯಿತು. ಈ ವರ್ಷ ಯಾವ ಕಾಲೇಜಿನಲ್ಲಿ ಎಷ್ಟು ಉಪನ್ಯಾಸ ನಡೆಯಿತೆಂಬುದು ನಮಗೆ ಅಷ್ಟು ಮುಖ್ಯವಲ್ಲ. ಆದರೆ ನಮ್ಮ ಯಶವಂತಪುರದ ಪಕ್ಕದಲ್ಲೇ, ನೂರು ವರ್ಷಕ್ಕೂ ಹಿಂದೆ ಒಂದು ಪ್ರಯೋಗಶಾಲೆಯಲ್ಲಿ ನಡೆದ ಕೆಲಸ ಗಂಧ ಬೆಳೆಯುವ ಪ್ರತಿಯೊಬ್ಬ ರೈತನಿಗೂ ತಿಳಿದಿರಬೇಕಾದದ್ದು.

ಕೊಳ್ಳುವವರಿಲ್ಲದ ಗಂಧ

ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. 371 ಎಕರೆ ಜಮೀನು ಮೈಸೂರು ಸಂಸ್ಥಾನದ ಕೊಡುಗೆ. 1911ರಲ್ಲಿ ಪಾಠ ಆರಂಭವಾದಾಗ ಅಲ್ಲಿದ್ದ ವಿಭಾಗಗಳು ಮೂರೇ: ಸಾಮಾನ್ಯ ರಸಾಯನ ಶಾಸ್ತ್ರ, ಅನ್ವಯಿಕ ರಸಾಯನ ಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ. ಕೆಮಿಕಲ್ ಇಂಜಿನಿಯರಿಂಗ್ ಎಂಬ ಹೆಸರಿನ ವಿಭಾಗ ಆಗ ಇರಲಿಲ್ಲ.

ಮೈಸೂರು ಸಂಸ್ಥಾನದ ಗಂಧದ ಮರವೆಲ್ಲ ಆಗ ಸರ್ಕಾರದ್ದು. ಟಿಪ್ಪುವಿನ ಕಾಲದಿಂದ ಬಂದ ಕಟ್ಟಳೆ. ಜಮೀನು ರೈತನದಾದರೂ ಅದರಲ್ಲಿ ಹುಟ್ಟಿದ ಗಂಧ ಸರ್ಕಾರದ ಸ್ವತ್ತು. ಮರಗಳನ್ನು ಬೇರುಸಹಿತ ಕಿತ್ತು, ಗಂಧದ ಕೋಠಿಗಳಿಗೆ ಸಾಗಿಸಿ, ಕೆತ್ತಿ, ದರ್ಜೆವಾರು ವಿಂಗಡಿಸಿ, ಹರಾಜು ಹಾಕುತ್ತಿದ್ದರು. ಎಣ್ಣೆ ತೆಗೆಯಲೆಂದು ಕೊಂಡ ಮರದ ಬಹುಪಾಲು ಹಡಗೇರಿ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿಯ ಕಾರ್ಖಾನೆಗಳು ಎಣ್ಣೆ ಇಳಿಸಿ, ಸುಗಂಧ ದ್ರವ್ಯಕ್ಕೂ ಔಷಧಕ್ಕೂ ಲೋಕಕ್ಕೆಲ್ಲ ಮಾರುತ್ತಿದ್ದವು. ಮರ ನಮ್ಮದು, ಎಣ್ಣೆ ಅವರದು.

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಜರ್ಮನಿಯ ದಾರಿ ಮುಚ್ಚಿತು. ಹರಾಜಿಗೆ ಕೂಗುವವರು ಕಡಿಮೆಯಾಗಿ ಕೋಠಿಗಳಲ್ಲಿ ಮರ ಉಳಿಯಿತು. ಖಜಾನೆಗೆ ಬರುತ್ತಿದ್ದ ದೊಡ್ಡ ಆದಾಯವೊಂದು ನಿಂತಂತಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು. ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದವರು ಆಲ್ಫ್ರೆಡ್ ಚಾಟರ್ಟನ್. ಎಣ್ಣೆಯನ್ನು ಇಲ್ಲಿಯೇ ಇಳಿಸಲಾಗದೇ ಎಂಬ ಪ್ರಶ್ನೆ ವಿಜ್ಞಾನ ಸಂಸ್ಥೆಯ ರಸಾಯನ ಶಾಸ್ತ್ರದ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ಅವರ ಸಹೋದ್ಯೋಗಿ ವಾಟ್ಸನ್ ಅವರ ಮುಂದೆ ಬಂತು.

ಅವರು ಪ್ರಯೋಗಶಾಲೆಯಲ್ಲಿ ವಿಧಾನವನ್ನು ಕುದುರಿಸಿಕೊಟ್ಟರು. ಯುದ್ಧ ಆರಂಭವಾಗಿ ಎರಡು ವರ್ಷ ತುಂಬುವ ಹೊತ್ತಿಗೆ, 1916ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಇಳಿಯತೊಡಗಿತು. ಮರುವರ್ಷ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಎರಡು ವರ್ಷದ ಹಿಂದೆ ಕೊಳ್ಳುವವರಿಗಾಗಿ ಕಾದು ಕುಳಿತಿದ್ದ ಸಂಸ್ಥಾನ ತನ್ನ ಎಣ್ಣೆಯನ್ನು ತಾನೇ ಮಾರತೊಡಗಿತು.

ಭಟ್ಟಿಯ ಒಳಗುಟ್ಟು

ಭಟ್ಟಿ ಎಂದೊಡನೆ ವಾಚನಾಲಯದಲ್ಲಿ ಒಂದಿಬ್ಬರು ನಕ್ಕರು. ಆ ಭಟ್ಟಿಯೂ ಈ ಭಟ್ಟಿಯೂ ದೂರದ ನೆಂಟರೆಂಬುದು ಸುಳ್ಳಲ್ಲ. ಆದರೆ ವ್ಯತ್ಯಾಸವಿದೆ. ಸಾರಾಯಿಯ ಅಂಶ ನೀರಿಗಿಂತ ಕಡಿಮೆ ಕಾವಿಗೇ ಆವಿಯಾಗಿ ಮೇಲೇಳುತ್ತದೆ. ಗಂಧದೆಣ್ಣೆ ಹಾಗಲ್ಲ. ಅದರ ಮುಖ್ಯ ಅಂಶವಾದ ಸ್ಯಾಂಟಲಾಲ್ ತಾನಾಗಿ ಕುದಿಯಬೇಕಾದರೆ ಸುಮಾರು 300 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಅಷ್ಟು ಕಾವು ಕೊಟ್ಟರೆ ಮರದ ಪುಡಿಯೇ ಸೀದು ಹೋಗುತ್ತದೆ, ಎಣ್ಣೆಗೆ ಸುಟ್ಟ ವಾಸನೆ ಹಿಡಿಯುತ್ತದೆ.

ಇಲ್ಲಿ ಸಹಾಯಕ್ಕೆ ಬರುವುದು ಹಬೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಹೀಗೆ ಬೆರೆಯದ ಎರಡು ದ್ರವಗಳು ಒಟ್ಟಿಗೆ ಕಾದಾಗ ಎರಡರ ಆವಿಯ ಒತ್ತಡವೂ ಕೂಡಿಕೊಳ್ಳುತ್ತದೆ. ಆದ್ದರಿಂದ 100 ಡಿಗ್ರಿಯೊಳಗೇ ಎರಡೂ ಒಟ್ಟಾಗಿ ಮೇಲೇಳುತ್ತವೆ. ಬಹುಪಾಲು ನೀರಿನ ಹಬೆ, ಅದರ ಹೆಗಲ ಮೇಲೆ ಒಂದಿಷ್ಟು ಎಣ್ಣೆ. ತಂಪು ಕೊಳವೆಯಲ್ಲಿ ಹಾಯಿಸಿದರೆ ಎರಡೂ ದ್ರವವಾಗಿ ಕೆಳಗಿಳಿಯುತ್ತವೆ, ಎಣ್ಣೆ ಮೇಲೆ ನಿಲ್ಲುತ್ತದೆ. ಗಂಧದೆಣ್ಣೆಯ ತೂಕ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ಅದು ಬೇರ್ಪಡುವುದು ನಿಧಾನ. ಒಂದು ಭಟ್ಟಿ ಮುಗಿಯಲು ಗಂಟೆಗಳ ಲೆಕ್ಕ ಸಾಲದು, ದಿನಗಳೇ ಹಿಡಿಯುತ್ತವೆ.

ಹಿಡಿ ಪುಡಿಯಿಂದ ಗಾಜಿನ ಪಾತ್ರೆಯಲ್ಲಿ ಎಣ್ಣೆ ತೆಗೆಯುವುದು ಕಾಲೇಜಿನ ಹುಡುಗರಿಗೂ ಸಾಧ್ಯ. ನಾನೂ ಕೃಷಿ ಪದವಿಗೆ ಓದುವಾಗ ತೆಗೆದಿದ್ದೇನೆ, ಒಂದು ಗಾಜಿನ ಕೊಳವೆ ಒಡೆದು ದಂಡವನ್ನೂ ಕಟ್ಟಿದ್ದೇನೆ. ಅದೇ ಕೆಲಸವನ್ನು ಟನ್ನುಗಟ್ಟಲೆ ಪುಡಿಗೆ ಮಾಡಹೊರಟಾಗ ತೊಂದರೆ ಗೊತ್ತಾಗುತ್ತದೆ. ಇಡ್ಲಿ ಪಾತ್ರೆಯ ಒಂದು ಮೂಲೆಯಲ್ಲಿ ಹಬೆ ನುಗ್ಗಿ ಇನ್ನೊಂದು ಮೂಲೆಯ ಇಡ್ಲಿ ಹಸಿಯಾಗಿ ಉಳಿಯುವುದನ್ನು ನೋಡಿದ್ದೀರಿ. ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿಯೂ ಅಷ್ಟೆ, ಹಬೆ ಸುಲಭದ ದಾರಿ ಹುಡುಕಿಕೊಂಡು ಮೇಲೆ ಹೋಗಿಬಿಡುತ್ತದೆ, ಪುಡಿಯ ಉಳಿದ ಭಾಗದ ಎಣ್ಣೆ ಅಲ್ಲೇ ಉಳಿಯುತ್ತದೆ. ಪುಡಿ ಎಷ್ಟು ನುಣುಪಿರಬೇಕು, ಹೇಗೆ ತುಂಬಬೇಕು, ಹಬೆ ಎಷ್ಟು ಬಿಡಬೇಕು, ತಂಪಿಗೆ ಎಷ್ಟು ನೀರು ಬೇಕು, ಯಾವಾಗ ನಿಲ್ಲಿಸಿದರೆ ಸೌದೆಯ ಖರ್ಚು ಗಿಟ್ಟುತ್ತದೆ ಎಂಬುದನ್ನೆಲ್ಲ ಲೆಕ್ಕ ಹಾಕುವ ವಿದ್ಯೆಯೇ ಕೆಮಿಕಲ್ ಇಂಜಿನಿಯರಿಂಗ್. ಇಂದು ವಿಜ್ಞಾನ ಸಂಸ್ಥೆಯಲ್ಲಿಯೂ ಮತ್ತಿಕೆರೆಯ ರಾಮಯ್ಯ ತಾಂತ್ರಿಕ ಸಂಸ್ಥೆಯಲ್ಲಿಯೂ ಈ ಹೆಸರಿನ ವಿಭಾಗಗಳಿವೆ. ವಿಶೇಷವೆಂದರೆ, ಇಲ್ಲಿ ಗಂಧದೆಣ್ಣೆಯ ಕೆಲಸ ಮಾಡಿದ ವಾಟ್ಸನ್ ಅವರೇ ಮುಂದೆ 1934ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾದರು.

ಎಣ್ಣೆ ಇಳಿದ ಮೇಲೆ ಅದರಿಂದ ಸಾಬೂನು ಮಾಡುವ ಯೋಚನೆ ಬಂತು. ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಆ ವಿದ್ಯೆ ಕಲಿತು ಬಂದರು. 1918ರಿಂದ ಮೈಸೂರು ಸ್ಯಾಂಡಲ್ ಸಾಬೂನು ಮಾರುಕಟ್ಟೆಯಲ್ಲಿದೆ. ಕಾರ್ಖಾನೆ 1957ರಲ್ಲಿ ಯಶವಂತಪುರದ ಕಡೆಗೆ ಬಂತು, 1980ರಲ್ಲಿ ಅದು ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾಯಿತು. ಜಿ.ಕೆ.ವಿ.ಕೆ.ಯಲ್ಲಿ ಓದುತ್ತಿದ್ದಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೂ ಯಶವಂತಪುರ ಬಂತೆಂಬುದು ಮೂಗಿಗೆ ತಿಳಿಯುತ್ತಿತ್ತು.

ರೈತನ ಕೈಗೆ ಬಂದದ್ದು ತಡವಾಗಿ

ಇಷ್ಟೆಲ್ಲ ಆದರೂ ಗಂಧದ ಮರವಿದ್ದ ಜಮೀನಿನ ರೈತನಿಗೆ ಆ ಮರದ ಒಡೆತನ ಬರಲಿಲ್ಲ. ನಮ್ಮ ತಾತನವರು ಬದುವಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಗಂಧದ ಸಸಿ ಹುಟ್ಟಿದರೆ ಯಾರೂ ನೋಡುವ ಮೊದಲೇ ಕಿತ್ತೆಸೆಯುತ್ತಿದ್ದರು. ಮರ ಬೆಳೆದರೆ ಸರ್ಕಾರದ್ದು, ಕಳುವಾದರೆ ವಿಚಾರಣೆ ಇವರಿಗೆ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯನಾದ. ಮೊದಲ ಎಣ್ಣೆ ಇಳಿದು ಆಗ 85 ವರ್ಷ ಕಳೆದಿತ್ತು. ಆ ತಿದ್ದುಪಡಿಯ ಬಳಿಕವೇ ಸಸಿ ಮಾರುವವರ ಓಡಾಟ ಹೆಚ್ಚಿತು.

ಒಡೆತನ ಬಂದರೂ ಇಂದು ಗಂಧ ಬೆಳೆದ ರೈತ 1914ರ ಮೈಸೂರು ಸಂಸ್ಥಾನ ನಿಂತ ಜಾಗದಲ್ಲೇ ನಿಂತಿದ್ದಾನೆ. ಕೈಯಲ್ಲಿರುವುದು ಮರ. ಎಣ್ಣೆ ಇಳಿಸುವವನು ಬೇರೆ, ಬೆಲೆ ಹೇಳುವವನೂ ಅವನೇ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಯಾರಿಗೆ ಮಾರಬಹುದೆಂಬುದಕ್ಕೂ ನಿಯಮಗಳಿವೆ. ನೆಡುವ ಮುನ್ನವೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಇವನ್ನು ವಿಚಾರಿಸಿ. ನೆಟ್ಟ ಮೇಲೆ ಮರಗಳನ್ನು ಪಹಣಿಯಲ್ಲಿ ದಾಖಲು ಮಾಡಿಸುವುದನ್ನು ಮರೆಯಬೇಡಿ.

ಸಸಿ ಮಾರುವವರ ಲೆಕ್ಕದಲ್ಲಿ ಮರದ ಇಡೀ ತೂಕಕ್ಕೆ ಎಣ್ಣೆಯ ಮರದ ಬೆಲೆ ಕಟ್ಟಿರುತ್ತಾರೆ. ಎಣ್ಣೆಯಿರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಸುತ್ತಲಿನ ಬಿಳಿ ಕಟ್ಟಿಗೆಗೆ ವಾಸನೆಯೇ ಇಲ್ಲ. ಚೇಗು ಕಟ್ಟಲು ಆರಂಭವಾಗುವುದಕ್ಕೇ ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ ಬೇಕು, ಕೆಲವು ಮರಗಳಲ್ಲಿ ಇನ್ನೂ ತಡ. ಚೇಗಿನಲ್ಲಿಯೂ ಎಣ್ಣೆ ಒಂದೇ ಸಮ ಇರುವುದಿಲ್ಲ. ನೂರು ಕಿಲೋ ಚೇಗಿನಲ್ಲಿ ಶೇಕಡ 2 ಎಣ್ಣೆಯಿದ್ದರೆ ಎರಡು ಕಿಲೋ, ಶೇಕಡ 5 ಇದ್ದರೆ ಐದು ಕಿಲೋ. ತೂಕದ ತಕ್ಕಡಿಯಲ್ಲಿ ಎರಡೂ ಒಂದೇ. ಎಣ್ಣೆಯ ಗುಣಕ್ಕೂ ಅಳತೆಯಿದೆ: ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಟ್ಟು ಸ್ಯಾಂಟಲಾಲ್ ಶೇಕಡ 90ಕ್ಕೆ ಕಡಿಮೆಯಿರಬಾರದು.

ನಮ್ಮ ಹೋಬಳಿಯಲ್ಲೇ ಒಬ್ಬರ ತೋಟಕ್ಕೆ ಒಂಬತ್ತನೇ ವರ್ಷದಲ್ಲಿ ಕಳ್ಳರು ನುಗ್ಗಿ ಮೂರು ಮರ ಕೊಯ್ದರು. ಒಳಗೆ ನೋಡಿದರೆ ಬರೀ ಬಿಳಿ ಕಟ್ಟಿಗೆ. ಅಲ್ಲೇ ಬಿಟ್ಟು ಹೋದರು. ಕಳ್ಳರಿಗೆ ಒಂದು ರಾತ್ರಿಯ ನಷ್ಟ, ರೈತನಿಗೆ ಒಂಬತ್ತು ವರ್ಷದ್ದು. ಬೇಲಿ, ಕಾವಲು, ನಾಯಿ, ಇವುಗಳ ಖರ್ಚನ್ನು ಮಾರಾಟಗಾರ ಬರೆದುಕೊಟ್ಟ ಚೀಟಿಯಲ್ಲಿ ನಾನು ಇದುವರೆಗೆ ಕಂಡಿಲ್ಲ.

ಹಾಗಾದರೆ ಗಂಧ ಬೇಡವೇ?

ಬೇಡವೆಂದು ನಾನು ಹೇಳುವುದಿಲ್ಲ. ನೀರು ನಿಲ್ಲದ ಕೆಂಪು ಮಣ್ಣು, ಕಲ್ಲು ಬೆರೆತ ದಿಣ್ಣೆ ಅದಕ್ಕೆ ಒಗ್ಗುತ್ತದೆ. ಬಹಳ ನೀರು, ಗೊಬ್ಬರ ಕೊಟ್ಟು ಬೇಗ ದಪ್ಪ ಮಾಡಿದ ಮರದಲ್ಲಿ ಚೇಗು ಅಷ್ಟೇ ಬೇಗ ಕಟ್ಟುತ್ತದೆಂದು ನಂಬಬೇಡಿ. ಗಂಧ ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕಚ್ಚಿಸಿ ನೀರು, ಸಾರ ಹೀರುವ ಜಾತಿ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಆರರಿಂದ ಎಂಟು ತಿಂಗಳ ಸಸಿಯ ಪಕ್ಕದಲ್ಲಿ ತೊಗರಿ ಬಿತ್ತಿ, ಆಚೆಗೆ ಹೊಂಗೆ, ಸರ್ವೆ ಅಥವಾ ಹೆಬ್ಬೇವು ಇರಲಿ. 12 ಅಡಿಗೆ 12 ಅಡಿ ಅಂತರದಲ್ಲಿ ಎಕರೆಗೆ ಸುಮಾರು 300 ಗಿಡ ಹಿಡಿಯುತ್ತವೆ.

ಎಲೆ ಚಿಕ್ಕದಾಗಿ, ಗೊಂಚಲಾಗಿ, ಮುಳ್ಳಿನಂತೆ ನೆಟ್ಟಗೆ ನಿಂತರೆ ಅದು ಸ್ಪೈಕ್ ರೋಗ. 1899ರಲ್ಲಿ ಕೊಡಗಿನಲ್ಲಿ ಗುರುತಿಸಿದ ಈ ರೋಗಕ್ಕೆ ರೈತ ಬಳಸಬಹುದಾದ ಔಷಧವಿಲ್ಲ. ಅಂಥ ಮರವನ್ನು ತೆಗೆಸುವುದೇ ದಾರಿ. ಚೇಗು ಎಷ್ಟಿದೆಯೆಂದು ಮರ ಕಡಿಯದೆಯೇ, ಸಣ್ಣ ಕೊರೆಯುವ ಉಪಕರಣದಿಂದ ಕಡ್ಡಿಯಷ್ಟು ಕಟ್ಟಿಗೆ ತೆಗೆದು ನೋಡಬಹುದು. ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಗಂಧದ ಬಗ್ಗೆಯೇ ಸಂಶೋಧನೆ ನಡೆಯುತ್ತದೆ. ವ್ಯಾಪಾರಿಯ ಮಾತು ಕೇಳುವ ಮುನ್ನ ಅಲ್ಲಿ ವಿಚಾರಿಸುವುದು ಒಳ್ಳೆಯದು.

ಭಟ್ಟಿಯನ್ನು ರೈತನೇ ಇಟ್ಟುಕೊಳ್ಳಬೇಕೆನ್ನುವವರಿಗೆ ಗಂಧಕ್ಕಿಂತ ನಿಂಬೆಹುಲ್ಲು ಹತ್ತಿರದ ದಾರಿ. ನೆಟ್ಟ ನಾಲ್ಕೈದು ತಿಂಗಳಿಗೆ ಮೊದಲ ಕೊಯ್ಲು. ಎಣ್ಣೆ ಇಳಿಯಲು ಎರಡು ಮೂರು ಗಂಟೆ ಸಾಕು. ಒಂದು ಟನ್ ಹುಲ್ಲಿಗೆ ಐದರಿಂದ ಎಂಟು ಕಿಲೋ ಎಣ್ಣೆ ನಿರೀಕ್ಷಿಸಬಹುದು. ಹುಲ್ಲನ್ನು ದೂರ ಸಾಗಿಸಿದರೆ ಬಾಡಿಗೆಯೇ ಲಾಭ ತಿನ್ನುವುದರಿಂದ ಭಟ್ಟಿ ಊರಿನಲ್ಲೇ ಇರಬೇಕು, ಅದಕ್ಕೆ ಐದಾರು ಜನ ಕೂಡಬೇಕು. ಯಲಹಂಕಕ್ಕೆ ಹತ್ತಿರದ ಅಲ್ಲಾಳಸಂದ್ರದಲ್ಲಿ ಕೇಂದ್ರ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಸಂಶೋಧನಾ ಕೇಂದ್ರವಿದೆ. ತಳಿ ಮತ್ತು ಭಟ್ಟಿ ಎರಡರ ಬಗೆಗೂ ಅಲ್ಲಿ ಕೇಳಬಹುದು.

ವಾಚನಾಲಯದ ಹಿರಿಯರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಜೇಬಿಗಿಟ್ಟು, "ಮಾವು ಕಡಿಯೋದು ಬ್ಯಾಡ ಅನ್ನಿ" ಎಂದರು. ಹೋದ ವಾರ ಆ ಕಡೆ ಹೋದಾಗ ನೋಡಿದೆ. ಮಾವು ಹಾಗೆಯೇ ಇದೆ. ಮೇಲಿನ ದಿಣ್ಣೆಯಲ್ಲಿ ಅರವತ್ತು ಗುಂಡಿ ತೆಗೆಸಿದ್ದಾರೆ, ಮಳೆ ಬಿದ್ದ ಮೇಲೆ ಗಂಧವನ್ನೂ ತೊಗರಿಯನ್ನೂ ಒಟ್ಟಿಗೆ ಹಾಕುತ್ತಾರಂತೆ. ಮುಂಗಡಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಬೇಲಿ ಹಾಕಿಸಿದ್ದಾರೆ.