ಪಾಚಿಯ ನೀಲಿ ಬಣ್ಣಕ್ಕೂ ನೆರಳಿನ ಹದ ಬೇಕು

ಅಡರಕಟ್ಟಿಯಂಥ ಬಯಲುಸೀಮೆಯ ಊರಿನಲ್ಲಿ ಸ್ಪಿರುಲಿನಾ ತೊಟ್ಟಿ ಕಟ್ಟಹೊರಟವರು ಮೊದಲು ಬಿಸಿಲಿನ ಲೆಕ್ಕ ಹಾಕಬೇಕೆಂಬುದು ನಮ್ಮ ಸಲಹೆ. ಕಾಫಿಗೆ ನೆರಳು ಹದಮಾಡುವ ನಮ್ಮ ಸದಸ್ಯರಿಗೆ ಇದು ಹೊಸ ಮಾತೇನಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ 1970ರ ದಶಕದಲ್ಲೇ ಪಾಚಿ ಬೆಳೆಸುವ ಕೆಲಸ ಕೈಗೊಂಡಿತ್ತು.

ಈ ನೀಲಿ-ಹಸಿರು ಪಾಚಿಯಲ್ಲಿ ಪತ್ರಹರಿತ್ತಿನ ಜೊತೆಗೆ ಫೈಕೋಸಯನಿನ್ ಎಂಬ ನೀಲಿ ವರ್ಣದ್ರವ್ಯವಿದೆ. ಪತ್ರಹರಿತ್ತು ಸರಿಯಾಗಿ ಹೀರಲಾರದ ಕಿತ್ತಳೆ ಬೆಳಕನ್ನು ಹಿಡಿದುಕೊಡುವುದು ಅದರ ಕೆಲಸ. ಬೆಳಕು ಕಡಿಮೆಯಾದರೆ ಪಾಚಿ ಅದನ್ನು ಹೆಚ್ಚು ತಯಾರಿಸುತ್ತದೆ. ಉರಿಬಿಸಿಲಿನಲ್ಲಿ ಬಣ್ಣ ಇಳಿಯುತ್ತದೆ. ಹಾಗೆಂದು ತೊಟ್ಟಿಯನ್ನು ಪೂರಾ ಮುಚ್ಚಿದರೆ ಬಣ್ಣವೇನೋ ಬಂದೀತು, ಬೆಳೆ ಬಾರದು. (ಗೋಡೆಯ ಮೇಲೆ ಕಪ್ಪಗೆ ಒಣಗಿ ನಿಲ್ಲುವ ಇದೇ ಕುಲದ ಕೆಲವು ಪಾಚಿಗಳು ಬಿಸಿಲಿಗೆ ಕೊಡೆಯಾಗಿ ಸೈಟೋನೆಮಿನ್ ಎಂಬ ಕಂದುಬಣ್ಣ ಕಟ್ಟಿಕೊಳ್ಳುತ್ತವೆ.)

ಹಳದಿಗೆ ತಿರುಗಿದ ತೊಟ್ಟಿಗೆಲ್ಲ ಬಿಸಿಲೇ ಕಾರಣವೆನ್ನುವಂತಿಲ್ಲ. ಫೈಕೋಸಯನಿನ್ ಒಂದು ಪ್ರೋಟೀನು. ಸಾರಜನಕ ಸಾಲದಾದಾಗ ಪಾಚಿ ಅದನ್ನೇ ಕರಗಿಸಿ ಹೊಟ್ಟೆ ಹೊರೆಯುತ್ತದೆ. 1966ರ ಜರೂಕ್ ದ್ರಾವಣದಲ್ಲಿ ಲೀಟರಿಗೆ 16.8 ಗ್ರಾಂ ಅಡುಗೆ ಸೋಡವೂ 2.5 ಗ್ರಾಂ ಸೋಡಿಯಂ ನೈಟ್ರೇಟೂ ಇವೆ. ಸೋಡ ಸುರಿದು ನೈಟ್ರೇಟಿನಲ್ಲಿ ಜಿಪುಣತನ ಮಾಡಿದರೆ ನಷ್ಟ ನೀಲಿಯಲ್ಲೇ. ನೀರಿನ ಶಾಖ 30ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು.

ಕೊಯ್ದ ಮೇಲೂ ಎಚ್ಚರ ಬೇಕು. 60 ಡಿಗ್ರಿ ದಾಟಿದರೆ ನೀಲಿ ಬೇಗ ಕೆಡುತ್ತದೆ. ಅಡಿಕೆಯಂತೆ ಅಂಗಳದಲ್ಲಿ ವಾರಗಟ್ಟಲೆ ಹರವಿಡುವ ಸರಕು ಇದಲ್ಲ; ತೆಳುವಾಗಿ ಹರಡಿ, ನೇರ ಬಿಸಿಲು ತಾಗದಂತೆ ಗಾಳಿಯಲ್ಲಿ ಬೇಗ ಒಣಗಿಸಬೇಕು.